ಕಬ್ಬಿನ ಬಿಲ್ಲಿನಲ್ಲಿ ಕಡಿಯುವವರ ಕೂಲಿ: ಕೃಷ್ಣಾ ತೀರದ ಎಡಪಂಥೀಯ ಹಾಗೂ ರೈತ ಸಂಘಟನೆಗಳಿಗೆ ಬಹಿರಂಗ ಪತ್ರ

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಮತ್ತು ನಿಪ್ಪಾಣಿ ತಾಲೂಕುಗಳ ಎಡಪಂಥೀಯ ಪಕ್ಷಗಳ, ಕಾರ್ಮಿಕ ಸಂಘಗಳ ಹಾಗೂ ರೈತ ಸಂಘಟನೆಗಳ ಕಾರ್ಯಕರ್ತರಿಗೆ,

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆ ತಡೆದು ಕುಳಿತ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾರ್ಖಾನೆಗಳ ಪ್ರತಿನಿಧಿಗಳನ್ನು ಕರೆಸಿ ಮಾತುಕತೆ ನಡೆಸಿ 3,300 ರೂಪಾಯಿಯನ್ನು ಪ್ರಕಟಿಸಿದ ಮೇಲೆ ಅಲ್ಲಿನ ಧರಣಿ ಮುಗಿಯಿತು, ಮುಧೋಳ ಭಾಗದಲ್ಲಿ ಮಾತ್ರ ಇನ್ನೂ ಕೆಲವು ದಿನ ನಡೆಯಿತು. ಅದೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ರೈತರು ಎಫ್‌ಆರ್‌ಪಿ ಎಂದು ಕರೆಯುವ ದರ, ಶೇ 10.25ರಷ್ಟು ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ, ಟನ್ನಿನ ಲೆಕ್ಕದಲ್ಲಿ 3,550 ರೂಪಾಯಿ. ಕಾನೂನು ಕೊಡಿಸಬೇಕಾದ ಬೆಲೆಗಿಂತ ಕಡಿಮೆ ಮೊತ್ತಕ್ಕಾಗಿ ಸಾವಿರಾರು ರೈತರು ಬೀದಿಯಲ್ಲಿ ಕುಳಿತದ್ದು ಏಕೆ ಎಂಬ ಪ್ರಶ್ನೆ ಕಬ್ಬಿನ ಪರಿಚಯವಿಲ್ಲದ ಓದುಗನಿಗೆ ಸಹಜವಾಗಿಯೇ ಹುಟ್ಟುತ್ತದೆ. ಉತ್ತರ ಸರಳವಾಗಿದೆ: ಎಫ್‌ಆರ್‌ಪಿ ಎನ್ನುವುದು ಕಾರ್ಖಾನೆಯ ಬಾಗಿಲಿಗೆ ಬಂದು ಮುಟ್ಟಿದ ಕಬ್ಬಿನ ಬೆಲೆ, ಗುರ್ಲಾಪುರದಲ್ಲಿ ಕೇಳಿದ್ದು ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ತೆಗೆದ ಮೇಲೆ ರೈತನ ಕೈಗೆ ಸೇರುವ ನಿವ್ವಳ ಬೆಲೆ. ಈ ಎರಡರ ನಡುವಿನ ಅಂತರದಲ್ಲಿ ಕಬ್ಬು ಕಡಿಯುವ ಗಂಡಸರ ಮತ್ತು ಹೆಂಗಸರ ಇಡೀ ಹಂಗಾಮಿನ ಕೂಲಿ ಇದೆ, ಮತ್ತು ಆ ಕೂಲಿ ಕಬ್ಬಿನ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದು ರೈತನ ಹಣದಿಂದ ಮಾಡಿದ ಕಡಿತವಾಗಿ.

ಬಂಡವಾಳ, ದುಡಿಮೆ ಮತ್ತು ಕೆಲಸದ ಸ್ಥಳದ ಸಂಸ್ಕೃತಿ ಕುರಿತು ಎಡಪಂಥದಲ್ಲಿ ನಡೆಯುವ ಚರ್ಚೆಗಳು ಈ ಭಾಗದಲ್ಲಿ ಈ ಒಂದು ಕಡಿತದಿಂದ ಆರಂಭವಾಗಬೇಕು ಎಂಬುದು ಈ ಪತ್ರದ ವಾದ. ಲೆಕ್ಕವನ್ನು ಹೀಗೆ ಬರೆದಷ್ಟು ಕಾಲ ಬೆಳೆದವನಿಗೂ ಕಡಿದವನಿಗೂ ಜಗಳ ತಪ್ಪಿದ್ದಲ್ಲ. ಕಡಿಯುವವರ ದರ ಏರಿದರೆ ರೈತನ ನಿವ್ವಳ ಇಳಿಯುತ್ತದೆ, ರೈತನ ನಿವ್ವಳವನ್ನು ಕಾಯಬೇಕಾದರೆ ಕಡಿಯುವವರ ದರವನ್ನು ಹಿಡಿದಿಡಬೇಕಾಗುತ್ತದೆ. ಕಬ್ಬನ್ನು ಅರೆದು ಸಕ್ಕರೆ, ಎಥೆನಾಲ್ ಮತ್ತು ವಿದ್ಯುತ್ತನ್ನು ಮಾರುವ ಕಾರ್ಖಾನೆ ಇವರಿಬ್ಬರ ನಡುವೆ ಪಂಚನಂತೆ ಕುಳಿತಿರುತ್ತದೆ.

ಕಟಾವಿನ ವ್ಯವಸ್ಥೆಯನ್ನು ಬಲ್ಲವರಿಗೂ ಅದನ್ನು ಒಮ್ಮೆ ಬಿಡಿಸಿ ನೋಡುವುದು ಅಗತ್ಯ. ಮಳೆಗಾಲದಲ್ಲಿ, ಕಾರ್ಖಾನೆಯ ಬಾಯ್ಲರ್ ಹೊತ್ತುವುದಕ್ಕೆ ಮೂರು ನಾಲ್ಕು ತಿಂಗಳ ಮೊದಲೇ, ಕಾರ್ಖಾನೆಯು ಟ್ರ್ಯಾಕ್ಟರ್ ಅಥವಾ ಲಾರಿಯ ಮಾಲೀಕನೊಂದಿಗೆ ಕರಾರು ಮಾಡಿಕೊಂಡು ಮುಂಗಡ ಕೊಡುತ್ತದೆ. ಆತ ಅದಕ್ಕೆ ತನ್ನ ಸಾಲದ ಹಣವನ್ನೂ ಸೇರಿಸಿ ಮುಕಾದಮನಿಗೆ, ಅಂದರೆ ಆಳುಗಳನ್ನು ಕೂಡಿಸಿ ತರುವ ಮೇಸ್ತ್ರಿಗೆ ಕೊಡುತ್ತಾನೆ. ಮುಕಾದಮ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಗೋ ವಿಜಯಪುರದ ತಾಂಡಾಗಳಿಗೋ ಹೋಗಿ ಅದನ್ನು ಉಚಲ್ ಎಂಬ ಹೆಸರಿನಲ್ಲಿ ಮನೆಮನೆಗೆ ಹಂಚುತ್ತಾನೆ. ಉಚಲ್ ಎಂದರೆ ಮುಂದೆ ಮಾಡಲಿರುವ ದುಡಿಮೆಯ ಮೇಲೆ ಈಗಲೇ ಪಡೆದ ಸಾಲ. ಅದನ್ನು ಪಡೆಯುವ ಘಟಕ ಒಬ್ಬ ವ್ಯಕ್ತಿಯಲ್ಲ, ಗಂಡಹೆಂಡಿರ ಜೋಡಿ. ಈ ಜೋಡಿಗೆ ಮರಾಠಿಯಲ್ಲಿ ಕೊಯ್ತಾ, ಅಂದರೆ ಒಂದು ಕುಡುಗೋಲು ಎಂದು ಹೆಸರು. ಕೂಲಿ ದಿನಕ್ಕಲ್ಲ, ಟನ್ನಿಗೆ. ಒಬ್ಬರು ಒಂದು ದಿನ ಮಲಗಿದರೆ ಖಾಡಾ ಎಂಬ ದಂಡ ಬೀಳುತ್ತದೆ. ಹಂಗಾಮು ಮುಗಿದಾಗ ಕಡಿದ ಟನ್ನು ಉಚಲಿಗೆ ಸಾಲದಿದ್ದರೆ ಬಾಕಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ, ಆ ಬಾಕಿಯ ಹಿಂದೆ ಕುಟುಂಬವೂ ಮುಂದಿನ ವರ್ಷದ ಫಡಕ್ಕೆ, ಅಂದರೆ ಕಟಾವಿನ ಹೊಲಕ್ಕೆ, ಹೋಗುತ್ತದೆ.

ಟನ್ನಿಗೆ ಕೊಡುವ ಈ ಬಗೆಯ ಕೂಲಿಯನ್ನು ಅರ್ಥಶಾಸ್ತ್ರದಲ್ಲಿ ತುಂಡುಗೂಲಿ ಎನ್ನುತ್ತಾರೆ. 1867ರಲ್ಲಿ ಪ್ರಕಟವಾದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಕಾರ್ಲ್ ಮಾರ್ಕ್ಸ್ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತುಂಡುಗೂಲಿಯಲ್ಲಿ ಕೆಲಸದ ಬಿರುಸನ್ನು ಕೂಲಿಯ ರೂಪವೇ ಕಾಯುವುದರಿಂದ ಮಾಲೀಕನ ಮೇಲ್ವಿಚಾರಣೆ ಬಹುಮಟ್ಟಿಗೆ ಅನಗತ್ಯವಾಗುತ್ತದೆ, ಮಾಲೀಕನಿಗೂ ಕೆಲಸಗಾರನಿಗೂ ನಡುವೆ ಮಧ್ಯವರ್ತಿಗಳು ನುಸುಳಲು ದಾರಿಯಾಗುತ್ತದೆ, ಮತ್ತು ಕೆಲಸಗಾರ ತನ್ನ ಹಿತಕ್ಕೆಂದು ನಂಬಿ ತನ್ನ ದಿನವನ್ನು ತಾನೇ ಉದ್ದ ಮಾಡಿಕೊಳ್ಳುತ್ತಾನೆ ಎಂಬುದು ಅಲ್ಲಿನ ವಿಶ್ಲೇಷಣೆಯ ತಿರುಳು. ಲಂಡನ್ನಿನಲ್ಲಿ ಕುಳಿತು ಬರೆದ ಈ ಮಾತು ಉಗಾರದ ಅಥವಾ ಕೆಂಪವಾಡದ ಸುತ್ತಲಿನ ಹೊಲಗಳಿಗೆ ಇಷ್ಟು ಸರಿಯಾಗಿ ಒಪ್ಪುವುದು ಅಚ್ಚರಿಯಲ್ಲ. ಅಚ್ಚರಿ ಏನೆಂದರೆ, ಈ ಭಾಗದ ಅಧ್ಯಯನ ಶಿಬಿರಗಳಲ್ಲಿ ಆ ಗ್ರಂಥವನ್ನು ಓದಿಸುವವರು ಪಾಠಕ್ಕೆ ಉದಾಹರಣೆಯನ್ನು ಮ್ಯಾಂಚೆಸ್ಟರಿನಿಂದಲೇ ತರುತ್ತಾರೆ.

ರೈತನ ಕಡೆಯ ದೂರನ್ನೂ ಇಲ್ಲಿ ದಾಖಲಿಸಬೇಕು. ಕಬ್ಬು ಒಣಗುತ್ತಿರುವಾಗ ಕಡಿಯುವವರ ಟೋಳಿ ಬರುವುದಿಲ್ಲ, ಬಂದರೆ ಖುಷಾಲಿ ಎಂಬ ಹೆಸರಿನಲ್ಲಿ ಮೇಲುಹಣ ಕೇಳುತ್ತದೆ, ಚಾಲಕ ಬೇರೆ ಕೇಳುತ್ತಾನೆ. ಮುಂಗಡ ಪಡೆದ ಮುಕಾದಮ ಪರಾರಿಯಾಗಿ ಟ್ರ್ಯಾಕ್ಟರ್ ಮಾಲೀಕ ಮುಳುಗಿದ್ದೂ ಉಂಟು. ಇವೆಲ್ಲ ನಿಜ. ಆದರೆ ಖುಷಾಲಿ ಎನ್ನುವುದು ಅಧಿಕೃತ ದರ ಸಾಲದಾದಾಗ ಹುಟ್ಟುವ ಅನಧಿಕೃತ ದರ. ಮಾತನಾಡಬೇಕಾದ ಮಾಲೀಕ ಎದುರಿಗೆ ಇಲ್ಲದಿದ್ದಾಗ ಕಡಿಯುವವರು ಎದುರಿಗೆ ನಿಂತ ರೈತನೊಂದಿಗೇ ಚೌಕಾಸಿ ಮಾಡುತ್ತಾರೆ.

ಬೆಳೆಗಾರನ ಬೆಲೆ ಮತ್ತು ಕೂಲಿಕಾರನ ವೇತನದ ಸಂಬಂಧದ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ನಲವತ್ತೈದು ವರ್ಷಗಳ ಹಿಂದೆ ನಿಪ್ಪಾಣಿ ಅದನ್ನು ದೇಶದ ಮುಂದೆ ಇಟ್ಟಿತ್ತು. ನಿಪ್ಪಾಣಿ ಸೀಮೆಯ ತಂಬಾಕು ಬೀಡಿಯ ತಂಬಾಕು. 1975ರ ಕಾಯಿದೆಯಿಂದ ಹುಟ್ಟಿದ ತಂಬಾಕು ಮಂಡಳಿಯ ಲಕ್ಷ್ಯವೆಲ್ಲ ಸಿಗರೇಟಿಗೆ ಬೇಕಾದ ವರ್ಜೀನಿಯಾ ತಂಬಾಕಿನ ಮೇಲಿದ್ದುದರಿಂದ ಬೀಡಿ ತಂಬಾಕಿನ ರೈತ ವ್ಯಾಪಾರಿಗಳು ಹೇಳಿದ ಬೆಲೆಗೆ ಒಪ್ಪಬೇಕಾಗಿತ್ತು. 1981ರ ಮಾರ್ಚ್‌ನಲ್ಲಿ ಶೇತಕರಿ ಸಂಘಟನೆಯ ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ರೈತರು ಬಿಡಾರ ಹೂಡಿ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದಾಗ ಹನ್ನೆರಡು ಮಂದಿ ರೈತರು ಸತ್ತರು. ಹಿಂದಿನ ವರ್ಷದ ಜುಲೈನಲ್ಲಷ್ಟೇ ನರಗುಂದ ಮತ್ತು ನವಲಗುಂದಗಳಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಅವರ ಇದೇ ಸರ್ಕಾರದ ಪೊಲೀಸರು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗುಂಡು ಹಾರಿಸಿದ್ದರು. ಗಡಿ ವಿವಾದದ ಊರಾದ ನಿಪ್ಪಾಣಿಯಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ರೈತರು ಒಂದೇ ಹೆದ್ದಾರಿಯ ಮೇಲೆ ಕುಳಿತದ್ದು ಆಗ ಬೆಂಗಳೂರಿಗೂ ಮುಂಬಯಿಗೂ ಅಷ್ಟಾಗಿ ಅರ್ಥವಾಗಲಿಲ್ಲ.

ಎಡಪಂಥದೊಳಗೆ ಆಗ ಹುಟ್ಟಿದ ವಾದವನ್ನು ಸಂಕ್ಷೇಪವಾಗಿ ಹೇಳುವುದಾದರೆ ಅದು ಹೀಗಿತ್ತು. ಜೋಶಿಯವರ ಪ್ರಕಾರ ದೇಶದ ಮುಖ್ಯ ವಿರೋಧ ಇರುವುದು ನಗರ ಮತ್ತು ಕೈಗಾರಿಕೆಗಳ ‘ಇಂಡಿಯಾ’ಕ್ಕೂ ಹಳ್ಳಿಗಳ ‘ಭಾರತ’ಕ್ಕೂ ನಡುವೆ, ಬೆಳೆಗೆ ಲಾಭದಾಯಕ ಬೆಲೆ ದೊರೆತರೆ ಅದರ ಫಲ ಕೂಲಿಯವರೆಗೂ ಇಳಿಯುತ್ತದೆ. ಎಡಪಕ್ಷಗಳ ಬಹುಪಾಲು ನಾಯಕರು ಇದನ್ನು ಒಪ್ಪಲಿಲ್ಲ: ಮಾರಲು ಹೆಚ್ಚು ಉಳ್ಳವನಿಗೆ ಬೆಲೆಯಿಂದ ಹೆಚ್ಚು ಲಾಭ, ಕೊಂಡು ತಿನ್ನುವ ಕೂಲಿಕಾರನಿಗೆ ಅದೇ ಬೆಲೆ ಹೊರೆ, ಆದ್ದರಿಂದ ಬೆಲೆಯ ಚಳವಳಿ ಸಿರಿವಂತ ರೈತನ ಚಳವಳಿ ಎಂದರು. ಇವರ ನಡುವೆ ನಿಂತವರೂ ಇದ್ದರು. ಸಣ್ಣ ಹಿಡುವಳಿದಾರನನ್ನು ಪುಟ್ಟ ಬಂಡವಾಳಗಾರನೆಂದು ಎಣಿಸುವುದೇ ತಪ್ಪು ಎಂಬುದು ಅವರ ನೆಲೆ. ಇತಿಹಾಸಕಾರ ಜೈರಸ್ ಬನಾಜಿ 1977ರಲ್ಲಿ ಪ್ರಕಟಿಸಿದ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಖ್ಖನದ ರೈತರನ್ನು ಕುರಿತ ಪ್ರಬಂಧದಲ್ಲಿ, ಸಾಹುಕಾರನಿಂದ ಮುಂಗಡ ಪಡೆದು ಅವನಿಗಾಗಿಯೇ ಬೆಳೆಯುವ ರೈತ ಹೆಸರಿಗೆ ಒಡೆಯನಾದರೂ ವಾಸ್ತವದಲ್ಲಿ ವೇಷ ಮರೆಸಿದ ಕೂಲಿಕಾರ, ಅವನು ಪಡೆಯುವ ‘ಬೆಲೆ’ ಬೇರೆ ಹೆಸರಿನ ಕೂಲಿ ಎಂದು ತೋರಿಸಿದ್ದರು. ಹತ್ತು ಗುಂಟೆಯಿಂದ ಎರಡು ಎಕರೆಯೊಳಗೆ ಕಬ್ಬು ಬೆಳೆದು, ಕಾರ್ಖಾನೆ ಹೇಳಿದ ದಿನ ಕಡಿಸಿ, ಕಾರ್ಖಾನೆಯ ಕಾಟಾದಲ್ಲಿ ತೂಗಿಸಿ, ಕಾರ್ಖಾನೆಯೇ ಅಳೆದ ಇಳುವರಿಯ ಮೇಲೆ ಹಣ ಪಡೆಯುವ ಕಾಗವಾಡದ ರೈತನಿಗೆ ಈ ವಿವರಣೆ ಬಹಳ ಹತ್ತಿರ. ಇಪ್ಪತ್ತು ಎಕರೆಯವನಿಗೆ ಅದು ಒಪ್ಪುವುದಿಲ್ಲ. ಇವರಿಬ್ಬರನ್ನೂ ‘ರೈತ’ ಎಂಬ ಒಂದೇ ಹೆಸರಿನಿಂದ ಕರೆದು ಜೋಶಿಯವರು ತಪ್ಪಿದರು. ಇವರಿಬ್ಬರನ್ನೂ ‘ಶ್ರೀಮಂತ ರೈತ’ ಎಂದು ತಳ್ಳಿಹಾಕಿ ಎಡಪಂಥ ತಪ್ಪಿತು. ಎರಡರಲ್ಲಿ ಎರಡನೆಯ ತಪ್ಪಿಗೆ ಹೆಚ್ಚಿನ ಬೆಲೆ ತೆರಬೇಕಾಗಿ ಬಂತು ಎಂಬುದು ಈ ಐದೂ ತಾಲೂಕುಗಳ ಚುನಾವಣೆಯ ಇತಿಹಾಸವನ್ನು ನೋಡಿದವರಿಗೆ ತಿಳಿದೇ ಇದೆ.

ಆ ವಾದದ ಗದ್ದಲದಲ್ಲಿ ಮರೆತುಹೋದ ಸಂಗತಿಯೊಂದಿದೆ. ರೈತರು ಹೆದ್ದಾರಿಗೆ ಬರುವ ಹೊತ್ತಿಗೆ ಅದೇ ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ದುಡಿಯುವ ಹೆಂಗಸರು ಸಂಘ ಕಟ್ಟುತ್ತಿದ್ದರು. ವಖಾರವೆಂದರೆ ತಂಬಾಕನ್ನು ಬಡಿದು, ಜರಡಿ ಹಿಡಿದು, ಕಡ್ಡಿ ಬೇರ್ಪಡಿಸಿ ಬೀಡಿಗೆ ಹದಮಾಡುವ ಗೋದಾಮು. ಒಳಗಿನ ಗಾಳಿಯಲ್ಲಿ ಇಡೀ ದಿನ ತಂಬಾಕಿನ ಧೂಳು, ಹೊರಗಿನ ಸಮಾಜದಲ್ಲಿ ಆ ಹೆಂಗಸರ ಬಗ್ಗೆ ಕೀಳುಮಾತು. ಸುಭಾಷ್ ಜೋಶಿಯವರು ಸಂಘಟಿಸಿದ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಮೂಲಕ ವಖಾರದ ಹೆಂಗಸರೂ ಮನೆಯಲ್ಲಿ ಬೀಡಿ ಕಟ್ಟುವವರೂ ಕೂಲಿ, ಕೆಲಸದ ವೇಳೆ ಮತ್ತು ಮರ್ಯಾದೆಗಾಗಿ ಹೋರಾಡಿದರು, ಮುಂದೆ ದೇವದಾಸಿ ಪದ್ಧತಿಯ ವಿರುದ್ಧದ ಕೆಲಸಕ್ಕೂ ಆ ಸಂಘ ಕೈಹಾಕಿತು. ದೀಪಾ ಧನರಾಜ್ ಮತ್ತು ಸಂಗಾತಿಗಳ ಯುಗಾಂತರ್ ಎಂಬ ಚಿತ್ರತಂಡ 1982ರಲ್ಲಿ ಈ ಹೆಂಗಸರ ಜೊತೆ ಕೂತು ‘ತಂಬಾಖೂ ಚಾಕಿಲಾ ಓಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ರೈತನ ಎದುರಾಳಿಯೂ ವಖಾರದ ಹೆಂಗಸಿನ ಎದುರಾಳಿಯೂ ಒಬ್ಬನೇ ಆಗಿದ್ದ, ತಂಬಾಕಿನ ವ್ಯಾಪಾರಿ. ಆದರೆ ಒಂದು ಚಳವಳಿ ಮಾರುಕಟ್ಟೆಯಲ್ಲಿ ಅವನನ್ನು ಎದುರಿಸಿತು, ಇನ್ನೊಂದು ಗೋದಾಮಿನೊಳಗೆ. ಸಿದ್ಧಾಂತದ ಮೇಲಿನ ಜಗಳ ಎಷ್ಟೇ ಬಿರುಸಾಗಿದ್ದರೂ, ತಂಬಾಕಿನ ಬೆಲೆ ಏರಿದರೆ ವಖಾರದ ಕೂಲಿ ಇಳಿಯಬೇಕು ಎಂಬ ನಿಯಮವನ್ನು ಯಾರೂ ಬಿಲ್ಲಿನಲ್ಲಿ ಬರೆದಿರಲಿಲ್ಲ. ಕಬ್ಬಿನಲ್ಲಿ ಆ ನಿಯಮ ಬರೆದೇ ಇದೆ.

ಬೀಡಿ ಉದ್ಯಮ ಕಲಿಸುವ ಮತ್ತೊಂದು ಪಾಠ ಕಾನೂನಿನದು, ಮತ್ತು ಈ ಪತ್ರಕ್ಕೆ ಅದೇ ಮುಖ್ಯ. ಬೀಡಿ ಕಟ್ಟುವಾಕೆ ತನ್ನ ಮನೆಯ ಜಗುಲಿಯಲ್ಲಿ ಕುಳಿತು ಕೆಲಸ ಮಾಡುತ್ತಾಳೆ, ಎಲೆ ಮತ್ತು ತಂಬಾಕನ್ನು ಗುತ್ತಿಗೆದಾರನಿಂದ ಪಡೆಯುತ್ತಾಳೆ, ಕಂಪನಿಯ ಮುಖವನ್ನೇ ಕಾಣುವುದಿಲ್ಲ. ಹಾಗಿರುವಾಗ ಆಕೆ ಕಂಪನಿಯ ಕೆಲಸಗಾರಳು ಹೇಗಾಗುತ್ತಾಳೆ ಎಂದು ಮಾಲೀಕರು ದಶಕಗಳ ಕಾಲ ವಾದಿಸಿದರು. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯಿದೆಯು ಗುತ್ತಿಗೆದಾರನ ಹಿಂದೆ ನಿಂತವನನ್ನು ಪ್ರಧಾನ ಮಾಲೀಕನೆಂದು ಹೆಸರಿಸಿ, ಅವನ ಮಾಲನ್ನು ಮನೆಯಲ್ಲಿ ಕಟ್ಟಿಕೊಡುವವಳನ್ನೂ ನೌಕರಳೆಂದು ಕರೆಯಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಾಗ, 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ನ್ಯಾಯಾಲಯ ಕೊಟ್ಟ ಕಾರಣ ಗಮನಾರ್ಹವಾದದ್ದು: ಕೆಲಸವನ್ನು ನಿಂತು ನೋಡದಿದ್ದರೂ, ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಮಾಲೀಕನಲ್ಲಿ ಇರುವುದರಿಂದ ಅವನ ಹತೋಟಿ ಅಲ್ಲಿ ಇದೆ.

ಈ ಅಳತೆಗೋಲನ್ನು ಕಬ್ಬಿನ ಫಡಕ್ಕೆ ಹಿಡಿದರೆ ಏನು ಕಾಣುತ್ತದೆ? ಯಾವ ಹೊಲ ಯಾವ ದಿನ ಕಡಿಯಬೇಕೆಂದು ನಿರ್ಧರಿಸುವುದು ಕಾರ್ಖಾನೆಯ ಫೀಲ್ಡ್‌ಮನ್, ರೈತನೂ ಅಲ್ಲ, ಮುಕಾದಮನೂ ಅಲ್ಲ. ಬುಡದವರೆಗೆ ಕಡಿಯಬೇಕು, ಹಸಿರು ತುದಿಯ ವಾಡೆ ಮತ್ತು ಒಣ ಎಲೆಯ ರವದಿ ಬೆರೆಯಬಾರದು, ಕಡಿದ ಕಬ್ಬು ಹಳಸದಂತೆ ಬೇಗ ಮುಟ್ಟಬೇಕು ಎಂಬ ಷರತ್ತುಗಳೆಲ್ಲ ಕಾರ್ಖಾನೆಯವು. ತೂಗುವುದು ಕಾರ್ಖಾನೆ, ಕಟಾವಿನ ದರ ಕಟ್ಟುವುದು ಕಾರ್ಖಾನೆ, ಮುಂಗಡದ ಮೊದಲ ಕಂತು ಹೊರಡುವುದೂ ಅಲ್ಲಿಂದಲೇ. ಮಹಾರಾಷ್ಟ್ರದಲ್ಲಂತೂ ಸಕ್ಕರೆ ಕಾರ್ಖಾನೆಗಳ ಸಹಕಾರಿ ಒಕ್ಕೂಟವು ಕಡಿಯುವವರ ಸಂಘಟನೆಗಳೊಂದಿಗೆ ಕೂತು ದರದ ಒಪ್ಪಂದ ಮಾಡಿಕೊಳ್ಳುತ್ತದೆ, 2024ರ ಜನವರಿಯಲ್ಲಿ ಶೇ 34ರ ಏರಿಕೆಗೆ ಸಹಿ ಹಾಕಿತು. ಕೂಲಿಯ ಒಪ್ಪಂದಕ್ಕೆ ಸಹಿ ಹಾಕುವವನು ಮಾಲೀಕನಲ್ಲ ಎಂದರೆ ನಂಬುವುದು ಕಷ್ಟ. ಆದ್ದರಿಂದ ಕಟಾವಿನ ಕೂಲಿಯನ್ನು ರೈತನ ಬಿಲ್ಲಿನ ಕಡಿತದ ಸಾಲಿನಿಂದ ತೆಗೆದು ಕಾರ್ಖಾನೆಯ ಸ್ವಂತ ಉತ್ಪಾದನಾ ವೆಚ್ಚದ ಸಾಲಿಗೆ ಸೇರಿಸಬೇಕು, ಕಾರ್ಖಾನೆಯನ್ನು ಕಡಿಯುವವರ ಪ್ರಧಾನ ಮಾಲೀಕನೆಂದು ಘೋಷಿಸಬೇಕು ಎಂಬ ಬೇಡಿಕೆ ರೈತ ಸಂಘಟನೆ ಮತ್ತು ಕಾರ್ಮಿಕ ಸಂಘ ಒಟ್ಟಿಗೆ ಎತ್ತಬಹುದಾದ, ಬಹುಶಃ ಒಟ್ಟಿಗೆ ಮಾತ್ರ ಎತ್ತಬಹುದಾದ ಬೇಡಿಕೆ.

ಇದಕ್ಕೆ ಬರುವ ಆಕ್ಷೇಪ ಗಂಭೀರವಾದದ್ದು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ನಿಗದಿಯಾದದ್ದು 2025ರ ಹೋರಾಟದ ಹೊತ್ತಿಗೂ ಹಾಗೆಯೇ ಇತ್ತು. ಕೂಲಿಯನ್ನು ಯಾವ ಸಾಲಿನಲ್ಲಿ ಬರೆದರೂ ಕಾರ್ಖಾನೆ ಅದನ್ನು ಕೊನೆಗೆ ಕಬ್ಬಿನ ಬೆಲೆಯಿಂದಲೇ ಹಿಂಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಬರೀ ಲೆಕ್ಕದ ಮಟ್ಟಿಗೆ ಇದು ಸರಿಯೇ. ಆದರೆ ಮಾಲೀಕ ಯಾರು ಎಂಬುದು ತೀರ್ಮಾನವಾದ ಕೂಡಲೇ ಬದಲಾಗುವುದು ದರ ಒಂದೇ ಅಲ್ಲ: ಟ್ರೇಲರ್ ಮಗುಚಿ ಸತ್ತವರ ಪರಿಹಾರ, ಹೊಲದ ಬದಿಯ ಗುಡಿಸಲಿಗೆ ನೀರು ಮತ್ತು ಶೌಚ, ಹೆರಿಗೆಯ ಸೌಲಭ್ಯ, ಭವಿಷ್ಯನಿಧಿ, ಹಿಂದೆ ಬಂದ ಮಕ್ಕಳ ಶಾಲೆ, ಉಚಲಿನ ಲಿಖಿತ ಲೆಕ್ಕ, ಇವೆಲ್ಲಕ್ಕೂ ಉತ್ತರಿಸಬೇಕಾದವರ ವಿಳಾಸ ಸಿಕ್ಕಂತಾಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಬೀಡಿ ಕಾಯಿದೆಯಂಥ ಹಳೆಯ ಕಾಯಿದೆಗಳು ಕರಗಿಹೋಗಿರುವಾಗ, ಕಾರ್ಮಿಕ ಸಂಘಗಳು ಆ ಸಂಹಿತೆಗಳನ್ನು ವಿರೋಧಿಸುತ್ತಿರುವಾಗಲೇ, ಅಂತರರಾಜ್ಯ ವಲಸೆ ಕಾರ್ಮಿಕರ ಬಗ್ಗೆ ಅವುಗಳಲ್ಲಿ ಇರುವ ಅಲ್ಪಸ್ವಲ್ಪ ರಕ್ಷಣೆಯನ್ನು ಮೀರಜದ ಗಡಿ ದಾಟಿ ಬರುವ ಟೋಳಿಗಳಿಗೆ ಅನ್ವಯಿಸಿ ಎಂದು ಕೇಳುವುದರಲ್ಲಿ ವಿರೋಧಾಭಾಸವಿಲ್ಲ.

ಸಹಕಾರಿ ಕಾರ್ಖಾನೆಗಳ ಮಾತು ಇನ್ನಷ್ಟು ತೊಡಕಿನದು. ಉಗಾರ ಖುರ್ದದಲ್ಲಿ 1939ರಲ್ಲಿ ಆರಂಭವಾದ ಉಗಾರ ಶುಗರ್ ವರ್ಕ್ಸ್‌ನಂಥ ಖಾಸಗಿ ಕಂಪನಿಯಲ್ಲಿ ಮಾಲೀಕ ಯಾರೆಂಬುದು ಸ್ಪಷ್ಟ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿಗಳಲ್ಲಿ ಷೇರುದಾರ ರೈತನೇ ಕಾಗದದ ಮೇಲೆ ಮಾಲೀಕ. ದಕ್ಷಿಣ ಗುಜರಾತಿನ ಬಾರ್ಡೋಲಿಯ ಸಕ್ಕರೆ ಸಹಕಾರಿಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಇದಕ್ಕೆ ಸಹಕಾರಿ ಬಂಡವಾಳಶಾಹಿ ಎಂಬ ಹೆಸರು ಕೊಟ್ಟರು: ಸದಸ್ಯರ ನಡುವೆ ಸಹಕಾರ, ಹೊರಗಿನಿಂದ ಬಂದು ಕಡಿಯುವವರ ಮೇಲೆ ಬಂಡವಾಳ. ಆಡಳಿತ ಮಂಡಳಿಯ ಚುನಾವಣೆಗೆ ನಿಲ್ಲುವ ಎಡಪಂಥೀಯರೂ ರೈತ ನಾಯಕರೂ ಈ ತಾಲೂಕುಗಳಲ್ಲಿ ಇದ್ದಾರೆ. ಅವರ ಪ್ರಣಾಳಿಕೆಗಳಲ್ಲಿ ಕಾಟಾ, ಇಳುವರಿ ಮತ್ತು ಬಾಕಿ ಬಿಲ್ಲಿನ ಪಕ್ಕದಲ್ಲಿ ಕಡಿಯುವವರ ಬಗ್ಗೆಯೂ ಒಂದು ಸಾಲು ಇರಬೇಕೆಂದು ಕೇಳುವುದು ಅತಿಯಾಗಲಾರದು.

ಕೆಲಸದ ಸಂಸ್ಕೃತಿ ಎಂಬ ಚರ್ಚೆ ಕರ್ನಾಟಕದಲ್ಲಿ ಸದ್ಯ ಬೆಂಗಳೂರಿನ ಕಚೇರಿಗಳ ಸುತ್ತ ತಿರುಗುತ್ತಿದೆ. ವಾರಕ್ಕೆ ಎಪ್ಪತ್ತು ತಾಸು ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದ ಮಾತಿಗೆ ದೇಶವೇ ಉತ್ತರಿಸಿತು, ಮತ್ತು ಉತ್ತರಿಸಬೇಕಾದದ್ದೇ. ಆದರೆ ಲೋಡು ತುಂಬುವವರೆಗೆ ದಿನ ಮುಗಿಯದ, ಕಬ್ಬಿನ ಕಟ್ಟಾದ ಮೋಳಿ ಹೊತ್ತು ಹಲಗೆಯ ಮೇಲೆ ಹತ್ತುವ ಹೆಂಗಸಿನ ತಾಸುಗಳನ್ನು ಆ ಚರ್ಚೆಯಲ್ಲಿ ಯಾರೂ ಎಣಿಸಲಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೆ ಒಂದು ದಿನ ವೇತನಸಹಿತ ಮುಟ್ಟಿನ ರಜೆಯನ್ನು ಪ್ರಕಟಿಸಿದಾಗ ಪ್ರಗತಿಪರರು ಸರಿಯಾಗಿಯೇ ಸ್ವಾಗತಿಸಿದರು. ಅದಕ್ಕೆ ಆರು ವರ್ಷ ಮೊದಲು, 2019ರಲ್ಲಿ, ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಂಡಿರುವುದು ಬಯಲಾಗಿ ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಗಿತ್ತು. ಖಾಡಾದ ಭಯ ಮತ್ತು ಹೊಲದಲ್ಲಿ ನೀರು ಮರೆಗಳಿಲ್ಲದ ತಿಂಗಳುಗಳು ಆ ಶಸ್ತ್ರಚಿಕಿತ್ಸೆಗಳ ಹಿಂದಿನ ಕಾರಣಗಳಲ್ಲಿ ಸೇರಿದ್ದವು. ಅದೇ ಬೀಡ ಜಿಲ್ಲೆಯ ಟೋಳಿಗಳು ಕೃಷ್ಣೆಯ ಈ ದಂಡೆಗೂ ಬರುತ್ತವೆ. ಅವರೊಂದಿಗೆ ಮಾತನಾಡಲು ಮರಾಠಿ ಬೇಕು, ಲಂಬಾಣಿ ಬೇಕು. ಕನ್ನಡದಲ್ಲಿ ಮಾತ್ರ ಅಚ್ಚಾದ ಕರಪತ್ರ ಅವರ ಗುಡಿಸಲಿನಲ್ಲಿ ಒಲೆಗೆ ಹೋಗುತ್ತದೆ.

ಕಟಾವು ಯಂತ್ರ ಬಂದರೆ ಈ ಪ್ರಶ್ನೆಯೇ ಉಳಿಯುವುದಿಲ್ಲ ಎಂದು ನಂಬಿದವರೂ ಇದ್ದಾರೆ. ಯಂತ್ರಕ್ಕೆ ಅಗಲ ಸಾಲು ಬೇಕು, ತಿರುಗಲು ಜಾಗ ಬೇಕು, ಒಣನೆಲ ಬೇಕು. ನದಿಯಂಚಿನ ತುಂಡು ಹಿಡುವಳಿಗಳಲ್ಲಿ ಅದು ಎಲ್ಲೆಡೆ ಓಡದು, ಓಡುವ ಕಡೆ ಅದರ ಬಾಡಿಗೆಯೂ ರೈತನ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಯಾರೂ ಹೆಸರಿಟ್ಟು ಕೂಲಿಕಾರರೆಂದು ಕರೆಯದ ಜನ ಕೆಲಸ ಕಳೆದುಕೊಂಡರೆ ಅದನ್ನು ನಿರುದ್ಯೋಗವೆಂದೂ ಯಾರೂ ಕರೆಯುವುದಿಲ್ಲ.

ಕೊನೆಯದಾಗಿ ಕಾಲದ ಪ್ರಶ್ನೆ. ಬೆಲೆಯ ಹೋರಾಟ ಆರಂಭವಾಗುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ, ಕಾರ್ಖಾನೆ ಅರೆಯಲು ಸಿದ್ಧವಾದಾಗ. ಆ ಹೊತ್ತಿಗೆ ಉಚಲು ಹಂಚಿಕೆಯಾಗಿ ಕಡಿಯುವವರ ವರ್ಷ ಮಾರಾಟವಾಗಿಹೋಗಿರುತ್ತದೆ, ಕಟಾವಿನ ಕರಾರುಗಳಿಗೆ ಸಹಿ ಬಿದ್ದಿರುತ್ತದೆ. ಆದ್ದರಿಂದ ಮುಂದಿನ ಹಂಗಾಮಿನ ಮಾತುಕತೆಯನ್ನು ಕಾರಹುಣ್ಣಿಮೆಯ ಹೊತ್ತಿಗೇ, ಕರಾರುಪತ್ರಗಳು ಅಚ್ಚಾಗುವ ಮೊದಲೇ ಆರಂಭಿಸಬೇಕು. ಜಿಲ್ಲಾಧಿಕಾರಿ ಕರೆಯುವ ಸಭೆಯಲ್ಲಿ ಕಾರ್ಖಾನೆ ಮತ್ತು ರೈತರ ಜೊತೆ ಟ್ರ್ಯಾಕ್ಟರ್ ಮಾಲೀಕರಿಗೂ ಕಡಿಯುವ ಗಂಡಸರು ಹೆಂಗಸರಿಗೂ ಕುರ್ಚಿ ಇರಬೇಕು, ಮತ್ತು ಹಾಗೆ ಕುರ್ಚಿ ಹಾಕದ ಸಭೆಗೆ ತಾವು ಹೋಗುವುದಿಲ್ಲವೆಂದು ರೈತ ಸಂಘಟನೆಗಳೇ ಮೊದಲು ಹೇಳಬೇಕು.